ಗಾಜಿನ ಫಲಕ ಹೊತ್ತ ಹೆಗಲು: ಜೆಸ್ಸಿ ಟಾರ್ಬಾಕ್ಸ್ ಬೀಲ್ಸ್

ನಮ್ಮ ಹಳೆಯ ಮನೆಗಳ ಚಾವಡಿಯಲ್ಲಿ, ಗೋಡೆಯ ಮೇಲ್ಭಾಗದಲ್ಲಿ ತುಸು ಮುಂದಕ್ಕೆ ವಾಲಿಕೊಂಡು ತೂಗುವ ಅಜ್ಜ ಅಜ್ಜಿಯರ ಭಾವಚಿತ್ರಗಳನ್ನು ನಾವೆಲ್ಲರೂ ಕಂಡವರೇ. ಕುರ್ಚಿಯಲ್ಲಿ ಬಿಗಿಯಾಗಿ ಕುಳಿತ ಹಿರಿಯರು, ಹಿಂದೆ ನಿಂತ ಮಕ್ಕಳು, ಕ್ಯಾಮರಾದತ್ತ ನೆಟ್ಟ ಗಂಭೀರ ನೋಟ. ಚಿತ್ರದಲ್ಲಿರುವವರ ಹೆಸರುಗಳನ್ನು ಮನೆಯವರು ಒಂದೊಂದಾಗಿ ಹೇಳಬಲ್ಲರು. ಆದರೆ ಆ ಚಿತ್ರವನ್ನು ತೆಗೆದವರು ಯಾರೆಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ನೋಡುವಂತೆ ಮಾಡಿದವರು ತಾವೇ ಕಾಣದಾಗಿ ಹೋಗಿರುತ್ತಾರೆ.

ದಿನಪತ್ರಿಕೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಬೆಳಗಿನ ಕಾಫಿಯ ಜೊತೆಗೆ ನಾವು ಪತ್ರಿಕೆಯನ್ನು ಬಿಡಿಸಿದಾಗ ಕಣ್ಣು ಮೊದಲು ಹೋಗುವುದು ಚಿತ್ರದ ಕಡೆಗೆ; ಅಕ್ಷರಗಳ ಸರದಿ ಬರುವುದು ಅನಂತರ. ಹೀಗಿದ್ದರೂ ಚಿತ್ರ ತೆಗೆದವರು ಎಲ್ಲಿ ನಿಂತಿದ್ದರು, ಎಷ್ಟು ಹೊತ್ತು ಕಾದರು, ಅದಕ್ಕಾಗಿ ಏನನ್ನು ತೆತ್ತರು ಎಂದು ನಾವು ವಿಚಾರಿಸುವುದಿಲ್ಲ. ಪತ್ರಿಕೆಯೊಂದರ ಸಿಬ್ಬಂದಿಯಾಗಿ ಕ್ಯಾಮರಾ ಹಿಡಿದ ಮೊದಲಿಗರಲ್ಲಿ ಒಬ್ಬರೂ, ಅಮೆರಿಕದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದವರೂ ಆದ ಜೆಸ್ಸಿ ಟಾರ್ಬಾಕ್ಸ್ ಬೀಲ್ಸ್ ಅವರ ಜೀವನವನ್ನು ಈ ವಾರ ನಮ್ಮ ಓದುಗ ಕುಟುಂಬಗಳ ಮುಂದೆ ಇಡಬಯಸುತ್ತೇವೆ. ಸಾಹಸದ ಕತೆಯಾಗಿ ಇದು ಮಕ್ಕಳಿಗೆ ಹಿಡಿಸೀತು. ಹಿರಿಯರಿಗೆ ಇದರಲ್ಲಿ ಯೋಚಿಸತಕ್ಕ ಕೆಲವು ಪ್ರಶ್ನೆಗಳಿವೆ.

ಸಿರಿತನದಿಂದ ಕೊರತೆಗೆ

ಜೆಸ್ಸಿ ಹುಟ್ಟಿದ್ದು 1870ರ ದಶಂಬರ 23ರಂದು, ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಹ್ಯಾಮಿಲ್ಟನ್ ನಗರದಲ್ಲಿ. ತಂದೆ ಜಾನ್ ನಥಾನಿಯೆಲ್ ಟಾರ್ಬಾಕ್ಸ್ ಯಂತ್ರಕುಶಲರು. ಹೊಲಿಗೆ ಯಂತ್ರದ ಉದ್ಯಮದಲ್ಲಿ ಹೆಸರು ಹಣ ಎರಡನ್ನೂ ಗಳಿಸಿದ್ದವರು. ಮನೆಯಲ್ಲಿ ಅನುಕೂಲಕ್ಕೆ ಕೊರತೆ ಇರಲಿಲ್ಲ. ಆದರೆ ಜೆಸ್ಸಿಗೆ ಏಳು ವರ್ಷವಾಗುವ ಹೊತ್ತಿಗೆ ಆ ಸಂಪತ್ತು ಕರಗಿಹೋಯಿತು. ಸೋಲನ್ನು ತಾಳಲಾರದ ತಂದೆ ಕುಡಿತಕ್ಕೆ ಶರಣಾದರು, ಕೊನೆಗೆ ಸಂಸಾರದಿಂದಲೇ ದೂರವಾದರು. ಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಇಂಥ ಮನೆಗಳು ಹೇಗಿರುತ್ತವೆಂದು ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಪ್ರತಿಯೊಂದು ಊರಿನಲ್ಲಿಯೂ ನಾವು ಅವುಗಳನ್ನು ಬಲ್ಲೆವು.

ಓದಿನಲ್ಲಿ ಚುರುಕಾಗಿದ್ದ ಜೆಸ್ಸಿ ಹದಿನೇಳನೆಯ ವಯಸ್ಸಿಗೇ ಶಿಕ್ಷಕಿಯ ಅರ್ಹತಾಪತ್ರವನ್ನು ಪಡೆದುಕೊಂಡರು. ಸಹೋದರನೊಬ್ಬ ನೆಲೆಸಿದ್ದ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಬರ್ಗ್ ಎಂಬ ಸಣ್ಣ ಊರಿಗೆ ಬಂದು, ಒಂದೇ ಕೋಣೆಯ ಶಾಲೆಯಲ್ಲಿ ಪಾಠ ಹೇಳತೊಡಗಿದರು. ಅಂದಿನ ದಿನಗಳಲ್ಲಿ ಬಡ ಮನೆತನದ, ವಿದ್ಯಾವಂತ ಹೆಣ್ಣುಮಕ್ಕಳಿಗೆ ತೆರೆದಿದ್ದ ಗೌರವಯುತವಾದ ಬಾಗಿಲು ಬಹುಮಟ್ಟಿಗೆ ಇದೊಂದೇ. ಜೆಸ್ಸಿ ಹನ್ನೆರಡು ವರ್ಷಗಳ ಕಾಲ ಈ ಬಾಗಿಲಿನೊಳಗೇ ಇದ್ದರು.

ಬಹುಮಾನವಾಗಿ ಬಂದ ಪೆಟ್ಟಿಗೆ

1888ರಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಮಕ್ಕಳ ಮತ್ತು ಕುಟುಂಬಗಳ ಪತ್ರಿಕೆಯೊಂದು ತನಗೆ ಚಂದಾದಾರರನ್ನು ಒದಗಿಸಿಕೊಟ್ಟವರಿಗೆ ಬಹುಮಾನಗಳನ್ನು ಕೊಡುತ್ತಿತ್ತು. ಹಾಗೆ ಜೆಸ್ಸಿಗೆ ದೊರೆತದ್ದು ಒಂದು ಪುಟ್ಟ ಕ್ಯಾಮರಾ. ಅದೊಂದು ಸಾಧಾರಣ ಪೆಟ್ಟಿಗೆ, ಆಟಿಕೆಗಿಂತ ಸ್ವಲ್ಪ ಮೇಲು. ಬೇರೆಯವರಾಗಿದ್ದರೆ ನಾಲ್ಕು ದಿನ ಆಡಿ ಅಟ್ಟಕ್ಕೆ ಹಾಕುತ್ತಿದ್ದರೋ ಏನೋ. ಜೆಸ್ಸಿ ಅದರಲ್ಲಿ ತನ್ನ ಕಣ್ಣು ಮಾಡಬೇಕಾದ ಕೆಲಸವನ್ನು ಗುರುತಿಸಿಕೊಂಡರು. ಸ್ವಲ್ಪ ಕಾಲದಲ್ಲಿಯೇ ಇನ್ನೂ ಉತ್ತಮವಾದ ಕ್ಯಾಮರಾವನ್ನು ಕೊಂಡು, ಮನೆಯ ಮುಂದೆಯೇ ಊರಿನ ಮೊದಲ ಛಾಯಾಚಿತ್ರ ಮಂದಿರವನ್ನು ತೆರೆದರು. ಶಾಲೆಯ ರಜಾದಿನಗಳಲ್ಲಿ ಅಕ್ಕಪಕ್ಕದವರ ಮತ್ತು ಸಮೀಪದ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರ ಚಿತ್ರಗಳನ್ನು ತೆಗೆದು ಅಷ್ಟಿಷ್ಟು ಸಂಪಾದಿಸಿದರು.

1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಮಹಾ ವಿಶ್ವಪ್ರದರ್ಶನವನ್ನು ಕಾಣಲು ಜೆಸ್ಸಿ ಹೋದರು. ಅದೇ ವರ್ಷ ಅದೇ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದನ್ನು ನಮ್ಮ ನಾಡಿನವರು ಮರೆಯಲಾರರು. ಜೆಸ್ಸಿಗೆ ಅಲ್ಲಿ ಬೇರೊಂದು ಬಗೆಯ ದರ್ಶನವಾಯಿತು. ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್, ಗರ್ಟ್ರೂಡ್ ಕಾಸೆಬಿಯರ್ ಎಂಬ ಇಬ್ಬರು ಮಹಿಳಾ ಛಾಯಾಗ್ರಾಹಕರ ಪರಿಚಯ ಆಕೆಗೆ ಅಲ್ಲಿ ದೊರೆಯಿತು. ಒಂಟಿಯಾಗಿ ಮಾಡುತ್ತಿರುವ ಕೆಲಸವನ್ನು ಇನ್ನೊಬ್ಬರೂ ಮಾಡುತ್ತಿದ್ದಾರೆ ಎಂಬ ತಿಳಿವಳಿಕೆಯೇ ಮನುಷ್ಯನಿಗೆ ಎಷ್ಟೋ ಸಲ ಸಾಕಷ್ಟು ಬಲವನ್ನು ಕೊಡುತ್ತದೆ.

1897ರಲ್ಲಿ ಜೆಸ್ಸಿ, ಆಲ್ಫ್ರೆಡ್ ಟೆನ್ನಿಸನ್ ಬೀಲ್ಸ್ ಎಂಬವರನ್ನು ಮದುವೆಯಾದರು. ಅವರು ಪದವೀಧರರು, ಕಾರ್ಖಾನೆಯಲ್ಲಿ ಯಂತ್ರಕಾರರು. ಪತ್ನಿಯೇ ಪತಿಗೆ ಛಾಯಾಚಿತ್ರದ ಕಲೆಯನ್ನು ಕಲಿಸಿದರು. 1899ರಲ್ಲಿ ಬಾಸ್ಟನ್ ಪೋಸ್ಟ್ ಪತ್ರಿಕೆ ರಾಜ್ಯದ ಸೆರೆಮನೆಯ ಚಿತ್ರಗಳನ್ನು ತೆಗೆದುಕೊಡುವಂತೆ ಆಕೆಯನ್ನು ಕೇಳಿಕೊಂಡಿತು. 1900ರಲ್ಲಿ ಜೆಸ್ಸಿ ಉಪಾಧ್ಯಾಯ ವೃತ್ತಿಗೆ ವಿದಾಯ ಹೇಳಿದರು. ದಂಪತಿಗಳು ಊರೂರು ತಿರುಗುವ ಛಾಯಾಗ್ರಾಹಕರಾದರು. ಜೆಸ್ಸಿ ಚಿತ್ರ ತೆಗೆಯುವುದು, ಆಲ್ಫ್ರೆಡ್ ಕತ್ತಲೆಕೋಣೆಯಲ್ಲಿ ಅದನ್ನು ಸಂಸ್ಕರಿಸುವುದು. ಅದೇ ವರ್ಷ ವರ್ಮಾಂಟ್ ರಾಜ್ಯದ ವಿಂಡಮ್ ಕೌಂಟಿ ರಿಫಾರ್ಮರ್ ಎಂಬ ಪತ್ರಿಕೆಯಲ್ಲಿ ಆಕೆಯ ಚಿತ್ರಗಳು ಆಕೆಯ ಹೆಸರಿನೊಂದಿಗೇ ಪ್ರಕಟವಾದವು. ಚಿತ್ರದ ಕೆಳಗಿನ ಆ ಸಣ್ಣ ಅಕ್ಷರಗಳೇ ಆಕೆಯನ್ನು ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಕರೆಯುವುದಕ್ಕೆ ಆಧಾರ.

ಬಫಲೋ ನಗರದ ಪತ್ರಿಕೆಯಲ್ಲಿ

ತಿರುಗಾಟದಿಂದ ಹೊಟ್ಟೆ ತುಂಬಲಿಲ್ಲ. 1901ರ ಹೊತ್ತಿಗೆ ಕೈಯಲ್ಲಿದ್ದ ಹಣ ತೀರಿ, ದಂಪತಿಗಳು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ನೆಲೆ ನಿಂತರು. ಅದೇ ವರ್ಷ ಸಪ್ಟಂಬರದಲ್ಲಿ ಆ ನಗರದ ಪ್ರದರ್ಶನದಲ್ಲಿಯೇ ಅಧ್ಯಕ್ಷ ಮೆಕಿನ್ಲಿಯವರಿಗೆ ಗುಂಡು ಹಾರಿಸಲಾಗಿತ್ತು. ಇಡೀ ದೇಶದ ಪತ್ರಿಕೆಗಳ ಗಮನ ಅತ್ತ ತಿರುಗಿತ್ತು. ಆ ನಗರದ ಇನ್‌ಕ್ವೈರರ್ ಮತ್ತು ಕೂರಿಯರ್ ಪತ್ರಿಕೆಗಳು ಜೆಸ್ಸಿಯನ್ನು ತಮ್ಮ ಸಿಬ್ಬಂದಿಯ ಛಾಯಾಗ್ರಾಹಕಿಯಾಗಿ ನೇಮಿಸಿಕೊಂಡವು.

ಈ ನೇಮಕದ ಮಹತ್ವವನ್ನು ಅರಿಯಬೇಕಾದರೆ ಅಂದಿನ ಪತ್ರಿಕೆಗಳ ಸ್ಥಿತಿಯನ್ನು ನಾವು ನೆನಪಿಗೆ ತಂದುಕೊಳ್ಳಬೇಕು. ಛಾಯಾಚಿತ್ರದ ಕಲೆ 1839ರಲ್ಲಿಯೇ ಲೋಕಕ್ಕೆ ಪ್ರಕಟವಾಗಿದ್ದರೂ, ಅದನ್ನು ಪತ್ರಿಕೆಯ ಕಾಗದದ ಮೇಲೆ ಅಚ್ಚು ಹಾಕುವ ಉಪಾಯ ಬಹುಕಾಲ ತಿಳಿದಿರಲಿಲ್ಲ. ಛಾಯಾಚಿತ್ರವನ್ನು ನೋಡಿ ಕಲಾವಿದನು ಮರದ ಹಲಗೆಯ ಮೇಲೆ ರೇಖೆಗಳನ್ನು ಕೆತ್ತಬೇಕಿತ್ತು. ಓದುಗನ ಕೈ ಸೇರುತ್ತಿದ್ದುದು ಆ ಕೆತ್ತನೆ. ಚಿತ್ರವನ್ನು ಅಸಂಖ್ಯ ಸಣ್ಣ ಚುಕ್ಕೆಗಳಾಗಿ ಒಡೆದು ಮುದ್ರಿಸುವ ಹಾಫ್‌ಟೋನ್ ವಿಧಾನವನ್ನು ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪತ್ರಿಕೆ 1880ರಲ್ಲಿ ಪ್ರಯೋಗಿಸಿತು. ವೇಗದ ಮುದ್ರಣಯಂತ್ರಗಳಿಗೆ ಅದು ಒಗ್ಗಿದ್ದು 1890ರ ದಶಕದ ಕೊನೆಯಲ್ಲಿ. ಆಮೇಲಷ್ಟೇ ಪತ್ರಿಕೆಗಳಿಗೆ ತಮ್ಮದೇ ಛಾಯಾಗ್ರಾಹಕರು ಬೇಕಾದರು. ಆ ಹೊಸ ಉದ್ಯೋಗದ ಮೊದಲ ಪೀಳಿಗೆಯಲ್ಲಿಯೇ ಜೆಸ್ಸಿ ಇದ್ದರು. ಆ ಪೀಳಿಗೆಯಲ್ಲಿ ಮಿಕ್ಕವರೆಲ್ಲ ಬಹುತೇಕ ಗಂಡಸರು.

ಕೆಲಸ ಮೈಮುರಿಯುವಂಥದು. ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ಗಾಜಿನ ಫಲಕಗಳು, ಅವುಗಳನ್ನು ಹಿಡಿಸುವ ದೊಡ್ಡ ಕ್ಯಾಮರಾ, ಮುಕ್ಕಾಲಿ, ಬೆಳಕಿಗೆ ಸಿಡಿಮದ್ದಿನ ಪುಡಿ. ಎಲ್ಲವೂ ಸೇರಿ ಐವತ್ತು ಪೌಂಡು ತೂಕ, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡು ಕಿಲೋದಷ್ಟು. ಇದನ್ನು ಹೆಗಲಿಗೇರಿಸಿಕೊಂಡು, ನೆಲ ಮುಟ್ಟುವ ನಿಲುವಂಗಿಯನ್ನೂ ಅಗಲವಾದ ಟೋಪಿಯನ್ನೂ ಧರಿಸಿ, ಆಕೆ ನಗರದ ಬೀದಿಗಳಲ್ಲಿ ಓಡಾಡಬೇಕಿತ್ತು. ಒಂದು ಫಲಕ ಕೈಜಾರಿದರೆ ದಿನವಿಡೀ ಪಟ್ಟ ಶ್ರಮ ನೆಲದ ಮೇಲೆ ಚೂರಾಗಿ ಬೀಳುತ್ತಿತ್ತು. ಆರೋಗ್ಯ, ದೇಹಬಲ, ಸುದ್ದಿಯನ್ನು ಮೂಸಿ ಹಿಡಿಯುವ ಬುದ್ಧಿ, ಇವೆಲ್ಲಕ್ಕಿಂತ ಮಿಗಿಲಾಗಿ ಮುನ್ನುಗ್ಗುವ ಛಲ ಇದ್ದರೆ ಯಾರೂ ಈ ವೃತ್ತಿಯನ್ನು ಕೈಗೊಳ್ಳಬಹುದೆಂಬುದು ಆಕೆಯ ನಿಲುವಾಗಿತ್ತು.

ಬಾಗಿಲ ಮೇಲಿನ ಕಿಂಡಿ

ಈ ಛಲ ಆಕೆಯನ್ನು ಎಲ್ಲಿಗೆ ಒಯ್ದಿತು ಎಂಬುದಕ್ಕೆ 1903ರ ಘಟನೆಯೊಂದು ಪ್ರಸಿದ್ಧವಾಗಿದೆ. ಬಫಲೋ ನಗರದ ಉದ್ಯಮಿ ಎಡ್ವಿನ್ ಬರ್ಡಿಕ್ ಎಂಬವರು ಕೊಲೆಯಾದರು. ಅದರ ವಿಚಾರಣೆ ಊರಿಗೆ ಊರೇ ಮಾತಾಡುವ ವಿಷಯವಾಯಿತು. ವಿಚಾರಣೆಯ ಕೋಣೆಯೊಳಗೆ ಛಾಯಾಗ್ರಾಹಕರಿಗೆ ಪ್ರವೇಶವಿರಲಿಲ್ಲ. ಜೆಸ್ಸಿ ಹೊರಗಿದ್ದ ಪುಸ್ತಕದ ಕಪಾಟಿನ ಮೇಲೇರಿ, ಬಾಗಿಲಿನ ಮೇಲ್ಗಡೆಯ ಗಾಳಿಕಿಂಡಿಯಿಂದ ಒಳಗಿನ ದೃಶ್ಯವನ್ನು ಸೆರೆ ಹಿಡಿದರು. ಬೇರಾವ ಪತ್ರಿಕೆಗೂ ದೊರಕದ ಚಿತ್ರ ಆಕೆಯ ಪತ್ರಿಕೆಗೆ ದೊರಕಿತು. ಜೆಸ್ಸಿಯ ಹೆಸರು ಮನೆಮಾತಾಯಿತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಮೆಚ್ಚುಗೆಯ ನಗುವಿನೊಂದಿಗೆ ಹೇಳಿ ಮುಂದಕ್ಕೆ ಸಾಗುತ್ತಾರೆ. ನಾವು ಇಲ್ಲಿ ಒಂದು ಗಳಿಗೆ ನಿಲ್ಲಬಯಸುತ್ತೇವೆ. ಆ ಏರುವಿಕೆಯಲ್ಲಿ ಧೈರ್ಯವಿತ್ತು, ಜಾಣತನವಿತ್ತು. ಹೆಣ್ಣೆಂಬ ಕಾರಣಕ್ಕೆ ಹಿಂದುಳಿಯಲೊಲ್ಲೆನೆಂಬ ಸ್ವಾಭಿಮಾನವೂ ಇತ್ತು. ಆದರೆ ಬಾಗಿಲು ಮುಚ್ಚಿದ್ದಕ್ಕೆ ಒಂದು ಕಾರಣವೂ ಇತ್ತಷ್ಟೆ. ಒಳಗಿದ್ದವರಲ್ಲಿ ದುಃಖಿತರಿದ್ದರು, ಸಂಶಯದ ನೆರಳು ಬಿದ್ದವರಿದ್ದರು, ಸಾಕ್ಷಿ ನುಡಿಯಲು ಬಂದವರಿದ್ದರು. ಒಬ್ಬನ ಅತ್ಯಂತ ಸಂಕಟದ ಗಳಿಗೆಯನ್ನು ಅವನ ಒಪ್ಪಿಗೆಯಿಲ್ಲದೆ ಸಾವಿರಾರು ಮನೆಗಳ ಮೇಜಿನ ಮೇಲೆ ಹರಡುವುದು ಸರಿಯೇ? ಜನರಿಗೆ ತಿಳಿಯುವ ಹಕ್ಕು ಎಲ್ಲಿ ಮುಗಿದು, ಬರಿಯ ಕುತೂಹಲ ಎಲ್ಲಿ ಆರಂಭವಾಗುತ್ತದೆ? ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿಯೇ ನಾವು ಕಲಿತದ್ದು, ಗುರಿ ಒಳ್ಳೆಯದಾದ ಮಾತ್ರಕ್ಕೆ ದಾರಿ ಒಳ್ಳೆಯದಾಗುವುದಿಲ್ಲ ಎಂದು. ಜೆಸ್ಸಿಯ ಮೇಲೆ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾ ಇದೆ. ಅಪಘಾತದ ಸ್ಥಳದಲ್ಲಿ ನೆರವಿಗೆ ಚಾಚಬೇಕಾದ ಕೈಗಳು ಮೊಬೈಲನ್ನು ಎತ್ತಿ ಹಿಡಿಯುವುದನ್ನು ನಾವು ಕಾಣುತ್ತಿದ್ದೇವೆ. ಆ ಕಿಂಡಿಯ ಬಳಿ ಅಂದು ಒಬ್ಬರೇ ಇದ್ದರು. ಈಗ ನಾವೆಲ್ಲರೂ ಅಲ್ಲಿ ನಿಂತಿದ್ದೇವೆ.

ಸೇಂಟ್ ಲೂಯಿಯ ಮಹಾಪ್ರದರ್ಶನ

1904ರಲ್ಲಿ ಸೇಂಟ್ ಲೂಯಿ ನಗರದಲ್ಲಿ ನಡೆದ ವಿಶ್ವಪ್ರದರ್ಶನ ಜೆಸ್ಸಿಯ ವೃತ್ತಿಜೀವನದ ಶಿಖರ. ಎಪ್ರಿಲ್ 30ರಿಂದ ದಶಂಬರ 1ರ ವರೆಗೆ ನಡೆದ ಆ ಪ್ರದರ್ಶನಕ್ಕೆ ಸುಮಾರು ಎರಡು ಕೋಟಿ ಜನ ಭೇಟಿಯಿತ್ತರು. ಅನುಮತಿ ಪತ್ರಗಳೆಲ್ಲ ಅದಾಗಲೇ ಹಂಚಿಹೋಗಿದ್ದವು. ತಡವಾಗಿ ಬಂದ ಜೆಸ್ಸಿಗೆ ಅಧಿಕಾರಿಗಳು ಮೊದಲು ಅವಕಾಶ ಕೊಡಲಿಲ್ಲ. ಆಕೆ ಹಟ ಹಿಡಿದು, ಪ್ರದರ್ಶನ ತೆರೆಯುವ ಮುನ್ನಿನ ದಿನಗಳಲ್ಲಿ ಚಿತ್ರ ತೆಗೆಯುವ ಪರವಾನಗಿಯನ್ನಷ್ಟೇ ಪಡೆದರು. ಆ ಚಿತ್ರಗಳೇ ಆಕೆಯ ಪರವಾಗಿ ವಾದಿಸಿದವು. ಮುಂದೆ ಪ್ರದರ್ಶನದ ಪ್ರಚಾರ ವಿಭಾಗಕ್ಕೂ, ನ್ಯೂಯಾರ್ಕಿನ ಹೆರಾಲ್ಡ್, ಟ್ರಿಬ್ಯೂನ್, ಲೆಸ್ಲೀಸ್ ವೀಕ್ಲಿ ಪತ್ರಿಕೆಗಳಿಗೂ ಆಕೆ ಅಧಿಕೃತ ಛಾಯಾಗ್ರಾಹಕಿಯಾದರು. ಅಲ್ಲಿ ತೆಗೆದ ಚಿತ್ರಗಳ ಸಂಖ್ಯೆ 3,500ಕ್ಕೂ ಹೆಚ್ಚು.

ಜನಜಂಗುಳಿಯ ನಡುವೆ ಎತ್ತರದ ಏಣಿಯನ್ನೇರಿ, ದೊಡ್ಡ ಕ್ಯಾಮರಾದ ಹಿಂದೆ ನಿಂತಿರುವ ಜೆಸ್ಸಿಯ ಒಂದು ಚಿತ್ರ ಇಂದಿಗೂ ಉಳಿದಿದೆ. ಕೆಳಗಿದ್ದವರೆಲ್ಲ ಪ್ರದರ್ಶನವನ್ನು ಬಿಟ್ಟು ಆಕೆಯನ್ನೇ ನೋಡಿದ್ದರೆ ಆಶ್ಚರ್ಯವಿಲ್ಲ. ಬಲೂನನ್ನೇರಿ ಆಕಾಶದಿಂದಲೂ ಆಕೆ ಪ್ರದರ್ಶನದ ಬಯಲನ್ನು ಚಿತ್ರಿಸಿದರು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರು ಪ್ರದರ್ಶನಕ್ಕೆ ಬಂದಾಗ ಅವರ ಬೆನ್ನು ಬಿಡದೆ ಚಿತ್ರಗಳನ್ನು ತೆಗೆದರು. ಅದರ ಫಲವಾಗಿ 1905ರಲ್ಲಿ ಟೆಕ್ಸಸ್‌ನ ಸಾನ್ ಅಂಟೋನಿಯೋದಲ್ಲಿ ಅವರ ಹಳೆಯ ಸೇನಾ ಸಂಗಡಿಗರ ಕೂಟವನ್ನು ಚಿತ್ರಿಸುವ ಅವಕಾಶವೂ ದೊರೆಯಿತು.

ನೋಟಕ್ಕಿಟ್ಟ ಮನುಷ್ಯರು

ಆ ಪ್ರದರ್ಶನದಲ್ಲಿ ಯಂತ್ರಗಳು, ಅರಮನೆಯಂಥ ಕಟ್ಟಡಗಳು, ವಿದ್ಯುದ್ದೀಪಗಳು ಮಾತ್ರ ಇರಲಿಲ್ಲ. ಜೀವಂತ ಮನುಷ್ಯರನ್ನೂ ನೋಟಕ್ಕೆ ಇಡಲಾಗಿತ್ತು. ಅಮೆರಿಕವು ಆಗಷ್ಟೇ ಯುದ್ಧದಿಂದ ವಶಪಡಿಸಿಕೊಂಡಿದ್ದ ಫಿಲಿಪ್ಪೀನ್ಸ್ ದ್ವೀಪಗಳಿಂದ ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದು, 47 ಎಕರೆ ಜಾಗದಲ್ಲಿ ಹಳ್ಳಿಗಳನ್ನು ಕಟ್ಟಿಸಿ ಇರಿಸಲಾಗಿತ್ತು. ಆ ದ್ವೀಪವಾಸಿಗಳಲ್ಲಿ ಬಹುಸಂಖ್ಯಾತರು ಮೂರು ಶತಮಾನಗಳಿಂದ ಕಥೋಲಿಕರು. ವಿಶ್ವವಿದ್ಯಾಲಯಗಳನ್ನೂ ಪತ್ರಿಕೆಗಳನ್ನೂ ಬಲ್ಲವರು. ಆದರೆ ಜನರು ಮುಗಿಬಿದ್ದು ನೋಡಿದ್ದು ಗುಡ್ಡಗಾಡಿನ ಇಗೊರೋಟ್ ಜನರನ್ನು, ಅವರ ಅಲ್ಪ ಉಡುಪನ್ನು, ಅವರ ಆಹಾರ ಪದ್ಧತಿಯನ್ನು. ಜಪಾನಿನ ಐನು ಜನ, ದಕ್ಷಿಣ ಅಮೆರಿಕದ ಪಟಗೋನಿಯಾದವರು, ಆಫ್ರಿಕದ ಕುಳ್ಳ ದೇಹದ ಜನ, ಇವರೆಲ್ಲರೂ ಅಲ್ಲಿ ಪ್ರದರ್ಶನದ ವಸ್ತುಗಳಾಗಿದ್ದರು. ಕಾಂಗೋದಿಂದ ಬಂದ ಓಟಾ ಬೆಂಗಾ ಎಂಬ ಯುವಕನೂ ಅಲ್ಲಿದ್ದ. ಅವನನ್ನು 1906ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಕಪಿಗಳ ಮನೆಯಲ್ಲಿ ಜನರಿಗೆ ತೋರಿಸಲಾಯಿತು. 1916ರಲ್ಲಿ ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡ.

ಜೆಸ್ಸಿ ಈ ಜನರ ನೂರಾರು ಚಿತ್ರಗಳನ್ನು ತೆಗೆದರು. ಸೊಗಸಾದ ಉಡುಪಿನ ಶ್ವೇತ ಮಹಿಳೆಯೊಬ್ಬರು ಇಗೊರೋಟ್ ಬಾಲಕನಿಗೆ ಕುಣಿತದ ಹೆಜ್ಜೆಗಳನ್ನು ಕಲಿಸುತ್ತಿರುವ ಆಕೆಯ ಚಿತ್ರವನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಈ ಚಿತ್ರಗಳನ್ನು ನಾವು ಹೇಗೆ ನೋಡಬೇಕು? ಒಂದು ಜನಾಂಗ ಮೇಲು, ಮತ್ತೊಂದು ಕೀಳು ಎಂಬ ಆ ಕಾಲದ ಭ್ರಮೆಗೆ ಆಕೆಯ ಕ್ಯಾಮರಾವೂ ಸೇವೆ ಸಲ್ಲಿಸಿತು ಎಂಬುದನ್ನು ನಾವು ಮುಚ್ಚಿಡಲಾರೆವು. ಆಕೆಗೆ ಸಂಬಳ ಬರುತ್ತಿದ್ದುದೇ ಆ ವ್ಯವಸ್ಥೆಯಿಂದ. ಆದರೂ ಕೆಲವು ಚಿತ್ರಗಳಲ್ಲಿ ಬೇರೇನೋ ಕಾಣಿಸುತ್ತದೆ. ಮಗುವನ್ನು ಎತ್ತಿಕೊಂಡ ತಾಯಿ, ಜೊತೆಗೂಡಿ ಕುಳಿತ ಮನೆಮಂದಿ. ಅವರ ಕಣ್ಣುಗಳು ನೇರವಾಗಿ ನಮ್ಮನ್ನೇ ನೋಡುತ್ತವೆ. ನೂರಿಪ್ಪತ್ತು ವರ್ಷಗಳ ಹಿಂದೆ ಹಣ ಕೊಟ್ಟು ಅವರನ್ನು ನೋಡಲು ಬಂದವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ನೋಟಕ್ಕಿಟ್ಟವರು ಮಾತ್ರ ಇಂದಿಗೂ ನಮ್ಮ ದೃಷ್ಟಿಗೆ ದೃಷ್ಟಿ ಕೊಟ್ಟು ನಿಂತಿದ್ದಾರೆ. ಛಾಯಾಗ್ರಾಹಕನ ಉದ್ದೇಶವನ್ನು ಮೀರಿ ಸತ್ಯವು ಗಾಜಿನ ಫಲಕದ ಮೇಲೆ ಬಿದ್ದುಬಿಡುವುದುಂಟು. ಆ ಫಲಕಗಳು ಉಳಿಯದಿದ್ದರೆ ಅಂದಿನ ಆ ಅನ್ಯಾಯಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ನ್ಯೂಯಾರ್ಕಿನ ಬೀದಿಗಳು

1905ರಲ್ಲಿ ಜೆಸ್ಸಿ ನ್ಯೂಯಾರ್ಕಿಗೆ ಬಂದು ಆರನೆಯ ಅವೆನ್ಯೂದಲ್ಲಿ ತಮ್ಮ ಚಿತ್ರಮಂದಿರವನ್ನು ತೆರೆದರು. ಪತ್ರಿಕೆಯ ಸಂಬಳ ಈಗಿಲ್ಲ. ಚಿತ್ರ ಮಾರಾಟವಾದರೆ ಊಟ, ಇಲ್ಲವಾದರೆ ಸಾಲ. ಮಾರ್ಕ್ ಟ್ವೈನ್‌ರಂಥ ಸಾಹಿತಿಗಳು, ಟಾಫ್ಟ್‌ರಂಥ ರಾಷ್ಟ್ರಾಧ್ಯಕ್ಷರು ಆಕೆಯ ಕ್ಯಾಮರಾದ ಮುಂದೆ ಕುಳಿತರು. ಅದೇ ಕ್ಯಾಮರಾವನ್ನು ಹೊತ್ತು ಆಕೆ ಬಡವರ ವಠಾರಗಳಿಗೂ ಹೋದರು. ಇಕ್ಕಟ್ಟಿನ ಕೋಣೆಗಳಲ್ಲಿ ದುಡಿಯುವ ಕುಟುಂಬಗಳನ್ನೂ, ಕೊಳೆಗೇರಿಯ ಮಕ್ಕಳನ್ನೂ ಚಿತ್ರಿಸಿದರು. ಇಂಥ ಚಿತ್ರಗಳಿಂದ ಸಮಾಜಸುಧಾರಕರ ವಾದಕ್ಕೆ ಕಣ್ಣಿಗೆ ಕಾಣುವ ಪುರಾವೆ ಒದಗುತ್ತಿತ್ತು. ಕತ್ತಲಾದ ಮೇಲೆ ನಗರದ ಬೀದಿಗಳನ್ನು ಚಿತ್ರಿಸುವುದರಲ್ಲಿಯೂ ಆಕೆ ಮೊದಲಿಗರು. ರಾತ್ರಿಯ ಛಾಯಾಗ್ರಹಣದಲ್ಲಿ ತೊಡಗಿದ ಮೊದಲ ಮಹಿಳೆ ಎಂದೂ ಆಕೆಯನ್ನು ಹೆಸರಿಸುತ್ತಾರೆ.

ಬಡಮಕ್ಕಳ ಆ ಚಿತ್ರಗಳಲ್ಲಿ ಜೆಸ್ಸಿಯ ಕಣ್ಣು ಬಹಳ ಹತ್ತಿರ ಹೋಗಿದೆ ಎಂದು ನಮಗನಿಸುತ್ತದೆ. ಅಲ್ಲಿ ಆಕೆ ಕಂಡದ್ದು ಅಪರಿಚಿತ ಲೋಕವನ್ನಲ್ಲ. ತಂದೆಯಿಲ್ಲದ ಮನೆಯ ಕಷ್ಟ ಎಂಥದೆಂದು ಹ್ಯಾಮಿಲ್ಟನ್ನಿನ ಬಾಲಕಿ ಕಂಡು ಉಂಡದ್ದೇ ಆಗಿತ್ತು.

ತಾಯಿಯಾಗಿ

1911ರಲ್ಲಿ, ನಾಲ್ವತ್ತರ ವಯಸ್ಸಿನಲ್ಲಿ, ಜೆಸ್ಸಿಗೆ ಮಗಳು ಹುಟ್ಟಿದಳು. ನಾನೆಟ್ ಎಂದು ಹೆಸರಿಟ್ಟರು. ಮಗುವನ್ನು ಎಳವೆಯಲ್ಲಿಯೇ ಸಂಧಿವಾತ ಕಾಡತೊಡಗಿತು. ನೋವಿನಿಂದ ನರಳುವ ಮಗು, ಆಸ್ಪತ್ರೆಯ ಖರ್ಚು, ನಿಂತರೆ ನಿಂತೇಹೋಗುವ ಸಂಪಾದನೆ, ಇವುಗಳ ನಡುವೆ ತಾಯಿಯ ದಿನಗಳು ಸಾಗಿದವು. ಕೆಲಸಕ್ಕಾಗಿ ದೂರ ಹೋದಾಗ ಮಗಳನ್ನು ಪರರ ಆರೈಕೆಯಲ್ಲಿ ಬಿಡಬೇಕಾಗುತ್ತಿತ್ತು. ಪತಿಯೊಡನೆ ವರ್ಷಗಳಿಂದ ಬೆಳೆದಿದ್ದ ಬಿರುಕು ದೊಡ್ಡದಾಗಿ, 1917ರಲ್ಲಿ ಜೆಸ್ಸಿ ಅವರಿಂದ ಬೇರೆಯಾದರು. ಒಬ್ಬರು ಬೆಳಕಿನಲ್ಲಿ ತೆಗೆದದ್ದನ್ನು ಮತ್ತೊಬ್ಬರು ಕತ್ತಲೆಕೋಣೆಯಲ್ಲಿ ಮೂಡಿಸುತ್ತಿದ್ದ ಆ ಜೊತೆಗಾರಿಕೆ ಹೀಗೆ ಮುಗಿಯಿತು.

ಇಲ್ಲಿ ಯಾರದು ಎಷ್ಟು ತಪ್ಪೆಂದು ಅಳೆಯಲು ನಾವು ಹೋಗುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕಾಗಿದೆ. ದೊಡ್ಡವರ ಸಾಧನೆಗಳನ್ನು ಬರೆಯುವಾಗ ಅವರ ಮನೆಯ ಖರ್ಚುವೆಚ್ಚದ ಪುಟವನ್ನು ನಾವು ಬಿಟ್ಟುಬಿಡುತ್ತೇವೆ. ಗಂಡಸು ದೊಡ್ಡ ಕೆಲಸಕ್ಕೆ ಹೊರಟಾಗ ಮನೆಯಲ್ಲಿ ಮಗುವಿನ ತಲೆಯ ಬಳಿ ಕುಳಿತಿರುವವಳು ಒಬ್ಬಳಿರುತ್ತಾಳೆ. ಹೆಂಗಸು ಹೊರಟಾಗ ಆ ಜಾಗ ಬರಿದಾಗಿರುತ್ತದೆ. ಆಮೇಲೆ ಆಕೆಯನ್ನೇ ದೂರುವವರೂ ಇರುತ್ತಾರೆ. ಗಲ್ಫ್ ದೇಶಗಳ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿದು, ಊರಿನಲ್ಲಿ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟಿರುವ ತಾಯಂದಿರು ನಮ್ಮ ಕುಟುಂಬಗಳಲ್ಲಿಯೇ ಇದ್ದಾರೆ. ಜೆಸ್ಸಿಯ ಸಂಕಟ ಅವರಿಗೆ ಬೇಗ ಅರ್ಥವಾದೀತು.

ಇಳಿಹೊತ್ತು

ಕಲಾವಿದರೂ ಬರಹಗಾರರೂ ನೆಲೆಸಿದ್ದ ಗ್ರೀನಿಚ್ ವಿಲೇಜಿನಲ್ಲಿ ಜೆಸ್ಸಿ ಒಂದು ಪುಟ್ಟ ಚಹದಂಗಡಿಯನ್ನೂ ಚಿತ್ರಶಾಲೆಯನ್ನೂ ನಡೆಸಿದರು, ಕವಿತೆಗಳನ್ನೂ ಬರೆದರು. ಕಾಲ ಬದಲಾಗತೊಡಗಿತ್ತು. ಹಗುರವಾದ ಕ್ಯಾಮರಾಗಳು ಬಂದವು. ಕೈಯಲ್ಲಿ ಹಿಡಿದು ಓಡಬಲ್ಲ ಯುವಕರು ಪತ್ರಿಕೆಗಳ ಕಚೇರಿಗಳನ್ನು ತುಂಬಿದರು. ಜೆಸ್ಸಿ ಶ್ರೀಮಂತರ ತೋಟ ಬಂಗಲೆಗಳ ಚಿತ್ರಗಳತ್ತ ಹೊರಳಿದರು. 1928ರಲ್ಲಿ ಮಗಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿನ ಸಿರಿವಂತರ ಉದ್ಯಾನಗಳನ್ನು ಚಿತ್ರಿಸುತ್ತಾ ಸ್ವಲ್ಪ ಕಾಲ ನೆಮ್ಮದಿಯಾಗಿದ್ದರು. ಮರುವರ್ಷವೇ ಬಂದ ಮಹಾ ಆರ್ಥಿಕ ಕುಸಿತ ಆ ನೆಮ್ಮದಿಯನ್ನೂ ಕಸಿಯಿತು. ಕೆಲವು ವರ್ಷಗಳಲ್ಲಿ ಆಕೆ ನ್ಯೂಯಾರ್ಕಿಗೆ ಮರಳಿ, ಹಳೆಯ ನೆರೆಹೊರೆಯಲ್ಲಿಯೇ ಬಡತನದಲ್ಲಿ ದಿನ ದೂಡಿದರು.

ಗಾಜಿನ ಫಲಕಗಳಿಗೆ ಜಾಗ ಬೇಕು; ಜಾಗಕ್ಕೆ ಬಾಡಿಗೆ ಬೇಕು. ಬಾಡಿಗೆ ಕೊಡಲು ಹಣವಿಲ್ಲದೆ ಆಕೆಯ ಜೀವಮಾನದ ಕೆಲಸದಲ್ಲಿ ಬಹುಪಾಲು ಕಳೆದುಹೋಯಿತು, ನಾಶವಾಯಿತು. ಹೆಗಲಿನ ಮೇಲೆ ಹೊತ್ತು ತಂದದ್ದನ್ನು ಇಳಿಸಿಡಲು ಆಕೆಗೆ ಒಂದು ಮೂಲೆ ಸಿಗಲಿಲ್ಲ. 1942ರ ಮೇ ತಿಂಗಳ ಕೊನೆಯಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ನಗರದ ಬಡರೋಗಿಗಳಿಗೆ ಆಶ್ರಯವಾಗಿದ್ದ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಜೆಸ್ಸಿ ಟಾರ್ಬಾಕ್ಸ್ ಬೀಲ್ಸ್ ಕಣ್ಣು ಮುಚ್ಚಿದರು. ಲೋಕ ಎರಡನೆಯ ಮಹಾಯುದ್ಧದ ಸುದ್ದಿಗಳಲ್ಲಿ ಮುಳುಗಿತ್ತು.

ಮರಳಿ ದೊರೆತ ಹೆಸರು

ಸುಮಾರು ಮೂವತ್ತು ವರ್ಷಗಳ ಕಾಲ ಆಕೆಯ ಹೆಸರನ್ನು ಯಾರೂ ಹೆಚ್ಚಾಗಿ ಎತ್ತಲಿಲ್ಲ. ಅಲೆಗ್ಸಾಂಡರ್ ಅಲ್ಯಾಂಡ್ ಎಂಬ ಛಾಯಾಗ್ರಾಹಕರು ಅಳಿದುಳಿದ ಚಿತ್ರಗಳನ್ನು ಹುಡುಕಿ ಕೂಡಿಸಿ, 1978ರಲ್ಲಿ ಆಕೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು. ನ್ಯೂಯಾರ್ಕಿನ ಕೊಳೆಗೇರಿಗಳ ಬದುಕನ್ನು ಲೋಕಕ್ಕೆ ತೋರಿದ ಜೇಕಬ್ ರೀಸ್ ಅವರ ಮರೆತುಹೋದ ಫಲಕಗಳನ್ನು ಹುಡುಕಿಸಿ ಉಳಿಸಿದವರೂ ಇವರೇ. ಮಗಳು ನಾನೆಟ್ ತನ್ನ ಬಳಿಯಿದ್ದ ತಾಯಿಯ ಕಾಗದಪತ್ರಗಳನ್ನೂ ಚಿತ್ರಗಳನ್ನೂ ಹಾರ್ವರ್ಡ್ ವಿಶ್ವವಿದ್ಯಾಲಯದ ಶ್ಲೆಸಿಂಜರ್ ಗ್ರಂಥಾಲಯಕ್ಕೆ ಒಪ್ಪಿಸಿದರು. ಪರರ ಮನೆಗಳಲ್ಲಿ ತಾಯಿಯ ದಾರಿ ಕಾಯುತ್ತಾ ಬೆಳೆದ ಮಗಳೇ ತಾಯಿಯ ನೆನಪಿಗೆ ಸುಭದ್ರವಾದ ಒಂದು ಮನೆಯನ್ನು ದೊರಕಿಸಿಕೊಟ್ಟರು. ಈ ಒಂದು ಸಂಗತಿ ಎಲ್ಲ ಪುರಸ್ಕಾರಗಳಿಗಿಂತ ಮಿಗಿಲೆಂದು ನಮಗೆ ತೋರುತ್ತದೆ.

ಈ ಸಂದರ್ಭದಲ್ಲಿ ನಮ್ಮ ದೇಶದ ಹೋಮಾಯಿ ವ್ಯಾರವಾಲಾ ಅವರನ್ನು ನೆನೆಯದೆ ಇರಲಾಗದು. ಗುಜರಾತಿನ ನವಸಾರಿಯಲ್ಲಿ 1913ರಲ್ಲಿ ಹುಟ್ಟಿದ ಇವರು ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸ್ವಾತಂತ್ರ್ಯೋದಯದ ದಿನಗಳ ದೆಹಲಿಯನ್ನು ಸೀರೆಯುಟ್ಟು, ಸೈಕಲ್ಲನ್ನೇರಿ, ಭಾರವಾದ ಕ್ಯಾಮರಾ ಹೊತ್ತು ಚಿತ್ರಿಸಿದವರು. ಅವರ ಮೊದಮೊದಲ ಚಿತ್ರಗಳು ಪತಿಯ ಹೆಸರಿನಲ್ಲಿಯೇ ಅಚ್ಚಾದವು. 2011ರಲ್ಲಿ ಪದ್ಮವಿಭೂಷಣ ಗೌರವ ಅವರಿಗೆ ಸಂದಿತು; 2012ರಲ್ಲಿ ಅವರು ನಿಧನರಾದರು. ವರ್ಮಾಂಟಿನ ಸಣ್ಣ ಪತ್ರಿಕೆ 1900ರಲ್ಲಿಯೇ ಜೆಸ್ಸಿಯ ಹೆಸರನ್ನು ಚಿತ್ರದ ಕೆಳಗೆ ಅಚ್ಚು ಹಾಕಿದ್ದು ಎಷ್ಟು ದೊಡ್ಡ ಮಾತೆಂಬುದು ಇದರಿಂದ ತಿಳಿಯುತ್ತದೆ.

ಜೆಸ್ಸಿಯವರನ್ನು ಆದರ್ಶ ವ್ಯಕ್ತಿಯೆಂದು ಪೀಠದ ಮೇಲೆ ಕೂರಿಸಲು ನಾವು ಈ ಲೇಖನವನ್ನು ಬರೆದಿಲ್ಲ. ಆಕೆ ತಪ್ಪಿದ್ದುಂಟು, ಕಾಲದ ಕುರುಡಿಗೆ ತಾವೂ ಪಾಲುದಾರರಾದದ್ದುಂಟು. ಆದರೆ ದೊರೆತ ಒಂದು ಪುಟ್ಟ ಪೆಟ್ಟಿಗೆಯನ್ನು ಹೂತಿಡದೆ, ಅದರಿಂದ ನೂರ್ಮಡಿಯನ್ನು ದುಡಿದ ಜೀವ ಅದು. ನೋಡುವುದೆಂದರೆ ಒಂದು ಹೊಣೆ ಎಂಬುದು ಆಕೆಯ ಜೀವನ ನಮ್ಮ ಮುಂದಿಡುವ ವಿಚಾರ. ಯಾರನ್ನು ನೋಡುತ್ತೇವೆ, ಎಂಥ ಮನಸ್ಸಿನಿಂದ ನೋಡುತ್ತೇವೆ, ನೋಡಿದ ಮೇಲೆ ಏನು ಮಾಡುತ್ತೇವೆ ಎಂಬ ಪ್ರಶ್ನೆಗಳಿಂದ ಯಾರಿಗೂ ಬಿಡುಗಡೆಯಿಲ್ಲ.

ಈ ಭಾನುವಾರ ಮನೆಯ ಹಿರಿಯರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಗೋಡೆಯ ಮೇಲಿನ ಹಳೆಯ ಚಿತ್ರವನ್ನು ಕೆಳಗಿಳಿಸಿ, ಧೂಳು ಒರೆಸಿ, ಅದರಲ್ಲಿರುವವರ ಹೆಸರುಗಳನ್ನು ಮಕ್ಕಳಿಂದ ಬರೆಯಿಸಿ ಇಡಿರಿ. ಚಿತ್ರ ತೆಗೆದವರ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನೂ ಕೆಳಗೆ ಬರೆಯಿಸಿರಿ.